ಬೆರಳೆಣಿಕೆಯ ಕವಿ

ನಿವೃತ್ತನಾದ ಮರುವಾರವೇ ಕವಿಯಾಗಲು ಹೊರಟೆ. ಗದ್ಯವನ್ನು ಮುರಿದು ಒಂದರ ಕೆಳಗೊಂದು ಜೋಡಿಸುವ ಕೆಲಸ ನಮಗೆ ಬೇಡ, ಕುಮಾರವ್ಯಾಸನ ಭಾಮಿನಿ ಷಟ್ಪದಿಯೇ ಆಗಲಿ ಎಂಬ ಹಮ್ಮು. ಲೆಕ್ಕಪತ್ರ ವಿಭಾಗದಲ್ಲಿ 30 ವರ್ಷ ಸವೆಸಿದವನಿಗೆ ಮಾತ್ರೆ ಎಣಿಸುವುದು ಯಾವ ಮಹಾ? ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 3, 4, 3, 4ರಂತೆ 14. ಮೂರು ಮತ್ತು ಆರಕ್ಕೆ 23. ಒಟ್ಟು 102. ಲೆಕ್ಕ ತಾಳೆಯಾಯಿತು, ಪದ್ಯ ಆಗಲಿಲ್ಲ. ಗುರುವಿಗೆ ಎರಡು, ಲಘುವಿಗೆ ಒಂದು ಎಂದು ಬೆರಳು ಮಡಿಸುತ್ತ ಕೂತರೆ ಹೆಂಡತಿ, "ದಿನಸಿ ಅಂಗಡಿ ಬಾಕಿ ಎಷ್ಟಂತೆ?" ಎಂದಳು.

ಇನ್ನು ಆದಿಪ್ರಾಸ. ಎರಡನೇ ಅಕ್ಷರದ ವ್ಯಂಜನ ಆರೂ ಸಾಲಿನಲ್ಲಿ ಒಂದೇ ಇರಬೇಕು. 'ಮಲ್ಲಿಗೆ' ಎಂದು ಘಮಘಮಿಸುತ್ತ ಶುರು ಮಾಡಿದೆ. 'ಚೆಲ್ಲಿ' ಸಿಕ್ಕಿತು, 'ಮೆಲ್ಲ' ಸಿಕ್ಕಿತು. ನಾಲ್ಕನೇ ಸಾಲಿಗೆ ಬರುವ ಹೊತ್ತಿಗೆ ಉಳಿದದ್ದು ಹಲ್ಲಿ, ಗಲ್ಲಿ, ಗಲ್ಲು! ಶೃಂಗಾರ ಹೋಗಿ ಭಯಾನಕ ರಸ ಬಂತು.

ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು: "ಹಾಲು ತನ್ನಿರಿ, ಬೇಗ ಬನ್ನಿರಿ!"

ಬೆರಳುಗಳು ತಾವಾಗಿಯೇ ಮಡಿಸಿಕೊಂಡವು. 3, 4, 3, 4. ಹದಿನಾಲ್ಕು! ಬೆರಗಾಗಿ ಕೂತೇ ಇದ್ದೆ. ಎರಡನೇ ಸಾಲೂ ಬಂತು, ಪ್ರಾಸ ಸಮೇತ: "ಕಾಲು ನೋಯ್ತಿದೆ, ನೀವೆ ಹೋಗಿರಿ!"

ಮೂರನೆಯದು 23 ಮಾತ್ರೆಯದೆಂದು ನೆನಪಾಗಿ ಚೀಲ ಹಿಡಿದು ಓಡಿದೆ.