ಫ್ರೇಮ್‌ವರ್ಕಿಲ್ಲದ ಫಲಕದ ಅಹವಾಲು
(ಕಾಲ್ಪನಿಕ ಸಂದರ್ಶನ)

ತಂತ್ರಾಂಶದಲ್ಲಿ ಏನೇ ಕೆಟ್ಟರೂ ‘ಸರ್ವರ್ ಡೌನ್’ ಎಂಬ ಒಂದೇ ಉತ್ತರ ಸಿಗುವ ಈ ಕಾಲದಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮಳೆ, ಹತ್ತಿ ದರ ಮತ್ತು ನವಿಲುತೀರ್ಥ ಜಲಾಶಯದ ಮಟ್ಟವನ್ನು ಒಂದೇ ಪುಟದಲ್ಲಿ ತೋರಿಸುವ, ದೇಗಾಂವದಲ್ಲಿ ಹುಟ್ಟಿದ ಡ್ಯಾಶ್‌ಬೋರ್ಡೊಂದು, ಅಂದರೆ ಮಾಹಿತಿ ಫಲಕವೊಂದು, ಫ್ರೇಮ್‌ವರ್ಕಿನ ನೆರವಿಲ್ಲದೆ ಸಿದ್ಧವಾಯಿತೆಂಬ ಕಾರಣಕ್ಕೇ ಬಲ್ಲವರ ತಾತ್ಸಾರಕ್ಕೆ ಗುರಿಯಾಗಿರುವುದರಿಂದ ಅದರ ಅಹವಾಲನ್ನು ಇಲ್ಲಿ ದಾಖಲಿಸಲಾಗಿದೆ. ಪುಟದ ಭಾಗಗಳನ್ನು ಜೋಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಸಂಕೇತಗಳ ಸಂಗ್ರಹಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆ. 2011ರ ಬೂಟ್‌ಸ್ಟ್ರ್ಯಾಪ್, 2013ರ ರಿಯಾಕ್ಟ್ ಈ ಸಾಲಿನಲ್ಲಿ ಹೆಸರಾದವು.

ಪ್ರಶ್ನೆ: ದೇಗಾಂವದ ಫಲಕವೆಂದ ಮೇಲೆ, 12ನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಬಗ್ಗೆ ಒಂದು ಸಾಲಾದರೂ ಬೇಡವೇ?

ಉತ್ತರ: ಗುಡಿಯ ಬಗ್ಗೆ ಫಲಕಕ್ಕೆ ಗೌರವವಿದೆ. ಆದರೆ ಬಂದವರೆಲ್ಲ, ಕನ್ಯೆ ನೋಡಲು ಬಂದವರು ಮನೆತನ ವಿಚಾರಿಸುವ ಹಾಗೆ, ‘ಯಾವ ಫ್ರೇಮ್‌ವರ್ಕು?’ ಎಂದೇ ಮೊದಲು ಕೇಳುತ್ತಾರೆ. ಯಾವುದೂ ಇಲ್ಲವೆಂದರೆ ಮುಖ ತಿರುಗಿಸುತ್ತಾರೆ. ತೆರೆಯ ಅಗಲಕ್ಕೆ ತಕ್ಕಂತೆ ಪುಟವೇ ಹೊಂದಿಕೊಳ್ಳುವ ‘ರೆಸ್ಪಾನ್ಸಿವ್’ ವಿನ್ಯಾಸವನ್ನು ಈಥನ್ ಮಾರ್ಕಾಟ್ 2010ರಲ್ಲೇ ಮಂಡಿಸಿದರು. ಪುಟವನ್ನು ಅಡ್ಡಸಾಲು, ಕಂಬಸಾಲುಗಳಾಗಿ ಹಂಚುವ ‘ಗ್ರಿಡ್’ 2017ರಿಂದ ಬ್ರೌಸರುಗಳಲ್ಲೇ ಇದೆ. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಒಂದರ ಕೆಳಗೊಂದು, ಕಂಪ್ಯೂಟರಿನಲ್ಲಿ ಒಂದರ ಪಕ್ಕಕ್ಕೊಂದು ಚೌಕಗಳು ನಿಲ್ಲಲು ಪುಟದ ರೂಪವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್‌ನ ನಾಲ್ಕಾರು ಸಾಲು ಸಾಕು.

ಪ್ರಶ್ನೆ: ಕಂಬಸಾಲೆಂದರೆ ಗುಡಿಯದೇ ಸರಿ. ಮೂರು ಗರ್ಭಗುಡಿಗಳನ್ನು ಜೋಡಿಸಿದ ಶಿಲ್ಪಿ ತಿಪ್ಪೋಜ ಯಾವ ಫ್ರೇಮ್‌ವರ್ಕ್ ಬಳಸಿದ್ದಿರಬಹುದು?

ಉತ್ತರ: ಸಂದರ್ಶಕರು ಗುಡಿಯಿಂದ ಹೊರಗೆ ಬರಬೇಕು. ನಿಜವಾದ ಕಷ್ಟ ಕೊಟ್ಟದ್ದು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಸಿದ್ಧ ಚೌಕಗಳಲ್ಲಿ ಸಾಲಿನ ಎತ್ತರ ಮೊದಲೇ ನಿಗದಿಯಾಗಿದ್ದರೆ ‘ಹತ್ತಿ’ಯ ಒತ್ತು ಕೆಳಗೆ ಕತ್ತರಿಸಿಹೋಗಿ ‘ಹತಿ’ಯಷ್ಟೇ ಉಳಿಯುತ್ತದೆ, ‘ಗ್ರಾಮಲೆಕ್ಕಾಧಿಕಾರಿ’ ಎಂಬ ಒಂದೇ ಪದ ಗೆರೆ ದಾಟಿ ಪಕ್ಕದ ದರದ ಮೇಲೆ ಕೂರುತ್ತದೆ. ಸಾಲಿನ ಎತ್ತರ ಹಿಗ್ಗಿಸಿ, ಪದ ನಡುವೆ ಮುರಿದು ಕೆಳಗಿಳಿಯಲು ಅವಕಾಶ ಕೊಟ್ಟ ಮೇಲೆಯೇ ಇದು ಸರಿಹೋದದ್ದು. ಇಷ್ಟಾದರೂ ಕೇಳುವುದು ಮಾತ್ರ ಫ್ರೇಮ್‌ವರ್ಕಿನ ಹೆಸರು!

ಪ್ರಶ್ನೆ: ಜಲಾಶಯದ ಮಟ್ಟ ಬದಲಾದಾಗ ಮೇಲಿನ ಚೌಕದಲ್ಲಿ ಹೊಸ ಅಂಕಿ, ಕೆಳಗಿನ ನಕ್ಷೆಯಲ್ಲಿ ಹಳೆಯ ಅಂಕಿ ಉಳಿಯದಂತೆ ನೋಡಿಕೊಳ್ಳುವುದೇ ಫ್ರೇಮ್‌ವರ್ಕಿನ ದೊಡ್ಡ ಉಪಕಾರವಲ್ಲವೇ? ಅದಿಲ್ಲದೆ ಎಲ್ಲವನ್ನೂ ಕೈಯಾರೆ ಸರಿಪಡಿಸುತ್ತ ಹೋದರೆ ತಪ್ಪಾಗದೆ ಇರುತ್ತದೆಯೇ?

ಉತ್ತರ: ಗುಡಿಯ ಶಿಲ್ಪಿಯ ವಿಷಯ ಬಂದಿತ್ತಲ್ಲ, ಸಂದರ್ಶಕರು ಅದನ್ನೇ ಮುಂದುವರಿಸಲಿ.

ವಿನೋದ ಇಲ್ಲಿಗೆ ಸಾಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಅಂಥ ಊರಿನ ಮನೆಗೆ ರಾತ್ರಿ ಬೇಕಾಗುವ ಮಾಹಿತಿ ಅತ್ಯಲ್ಪ: ಮಲಪ್ರಭೆಗೆ ಕಟ್ಟಿದ, ಪೂರ್ಣ ಮಟ್ಟ 2079.50 ಅಡಿ ಇರುವ ನವಿಲುತೀರ್ಥ ಜಲಾಶಯದಲ್ಲಿ ಈ ಹೊತ್ತು ನೀರು ಎಷ್ಟಿದೆ, ಹೊಳೆಗೆ ಎಷ್ಟು ಬಿಡುತ್ತಿದ್ದಾರೆ. ಈ ಎರಡು ಅಂಕಿಗಳನ್ನು ತೋರಿಸುವ ಮುನ್ನ ಪುಟವೊಂದು ರಾಶಿ ಜಾವಾಸ್ಕ್ರಿಪ್ಟನ್ನು, ಅಂದರೆ ಬ್ರೌಸರಿನೊಳಗೆ ಓಡುವ ಸಂಕೇತವನ್ನು, ಇಳಿಸಿಕೊಳ್ಳಲೇಬೇಕೆಂದು ಹಠ ಹಿಡಿದು, ನೆಟ್‌ವರ್ಕಿನ ಒಂದೇ ಕಡ್ಡಿ ಇರುವಲ್ಲಿ ಬರಿಯ ಬಿಳಿ ತೆರೆ ತೋರಿಸಿದರೆ, ಅದಕ್ಕೆ ತಾಂತ್ರಿಕ ಅಡಚಣೆ ಎಂಬ ಹೆಸರು ಸಲ್ಲದು. ಅದು ಸಭಾಭವನದ ದೊಡ್ಡ ತೆರೆಯನ್ನು ಮೆಚ್ಚಿಸಲು ಹೋಗಿ ಬಡವರ ಮೊಬೈಲನ್ನು ಮರೆತ ಉಡಾಫೆ.

ಇಂಥ ಫಲಕಗಳ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಗಳು, ಸಹಿಗೆ ಮುನ್ನ ಒಮ್ಮೆ ಹೊಳೆದಂಡೆಯ ಯಾವುದಾದರೂ ಊರಿಗೆ ಹೋಗಿ, ಅಲ್ಲಿಯವರ ಮೊಬೈಲಿನಲ್ಲೇ ಪುಟ ತೆರೆದು ನೋಡಬೇಕು.