ಪ್ರಯೋಗಾಲಯದ ಅಸ್ಥಿಪಂಜರಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಸ್ಥಿಪಂಜರರೇ,

ಬುರುಡೆಗೆ ಕೊಕ್ಕೆ ಸಿಕ್ಕಿಸಿಕೊಂಡು, ಕೆಳದವಡೆಯನ್ನು ಎರಡು ಸ್ಪ್ರಿಂಗುಗಳ ಸುಪರ್ದಿಗೆ ಬಿಟ್ಟು, ಪಿಯು ಕಾಲೇಜಿನ ಬಯಾಲಜಿ ಲ್ಯಾಬಿನ ಮೂಲೆಯಲ್ಲಿ ತಾವು ಸಲ್ಲಿಸುತ್ತಿರುವ ಸೇವೆಗೆ ಮೊದಲು ಅಭಿನಂದನೆಗಳು. ತಮಗೆ ಸಂಬಳವಿಲ್ಲ, ವರ್ಗಾವಣೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಮೂಳೆ ಎಂದರೇನೆಂದು ಮಕ್ಕಳು ಕಲಿಯುವುದು ತಮ್ಮನ್ನು ನೋಡಿಯೇ. ನನ್ನ ದೂರು ಇರುವುದೂ ಅದರ ಬಗ್ಗೆಯೇ. ಮೂಳೆ ಅಂದರೆ ಒಣಗಿದ್ದು, ಮನೆಯ ಕಂಬದ ಹಾಗೆ ಭಾರ ಹೊತ್ತು ಸುಮ್ಮನೆ ನಿಲ್ಲುವಂಥದ್ದು ಎಂದು ಎಲ್ಲರೂ ನಂಬಿ ಕೂತಿದ್ದಾರೆ.

ತಾವು ಜೀವಂತವಾಗಿದ್ದಾಗ ಹೀಗಿರಲಿಲ್ಲ. (ಪ್ಲಾಸ್ಟಿಕ್ಕಿನವರಾಗಿದ್ದರೆ ಈ ಮಾತು ಅನ್ವಯಿಸದು, ಕ್ಷಮಿಸಿ.) ಗಟ್ಟಿಮೂಳೆಯ ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ನೀರೇ. ರಕ್ತನಾಳಗಳು ಹಾದುಹೋಗುವ ಕಾಲುವೆಗಳನ್ನು 1691ರಷ್ಟು ಹಿಂದೆಯೇ ಲಂಡನ್ನಿನ ವೈದ್ಯ ಕ್ಲಾಪ್ಟನ್ ಹೇವರ್ಸ್ ತನ್ನ ಪುಸ್ತಕದಲ್ಲಿ ಬಣ್ಣಿಸಿದ್ದ. ಅವುಗಳಿಂದಾಚೆಗೆ, ಒಂದು ಮೈಕ್ರಾನಿಗಿಂತಲೂ ಕಿರಿದಾದ ಕೊಳವೆಗಳು ಮೂಳೆಯ ತುಂಬ ಹೆಣೆದುಕೊಂಡಿವೆ. ಅವುಗಳ ಕೂಡುಗಳಲ್ಲಿ ಒಂದೊಂದು ಜೀವಕೋಶ ಕೂತಿರುತ್ತದೆ. ಒಬ್ಬ ಮನುಷ್ಯನ ಮೈಯಲ್ಲಿ ಇಂಥವು ಸುಮಾರು 4,200 ಕೋಟಿ ಎಂಬುದು ಒಂದು ಅಂದಾಜು. ತಮ್ಮಲ್ಲಿ ಈಗ ಆ ಮನೆಗಳಷ್ಟೇ ಉಳಿದಿವೆ, ಒಕ್ಕಲು ಖಾಲಿ.

ಹೆಜ್ಜೆ ಇಟ್ಟಾಗ ಕಾಲಿನ ಮೂಳೆ ಕೊಂಚ ಬಾಗುತ್ತದೆ. ಎಷ್ಟು ಕೊಂಚ ಅಂದರೆ, ಒಂದು ಮೀಟರ್ ಉದ್ದದ ಮೂಳೆ ಇದ್ದಿದ್ದರೆ ಅದು ನಡಿಗೆಯಲ್ಲಿ ಒಂದು ಮಿಲಿಮೀಟರ್ ಕೂಡ ಕುಗ್ಗುತ್ತಿರಲಿಲ್ಲ. ಆದರೂ ಅಷ್ಟು ಸಾಕು. ಕುಗ್ಗಿದ ಬದಿಯ ನೀರು ಹಿಗ್ಗಿದ ಬದಿಗೆ ಸರಿಯುತ್ತದೆ, ಹೆಜ್ಜೆ ಎತ್ತಿದೊಡನೆ ವಾಪಸು ಬರುತ್ತದೆ. ಹೋಗುತ್ತ ಬರುತ್ತ ಆ ಜೀವಕೋಶಗಳಿಗೆ ಊಟ ಒಯ್ಯುತ್ತದೆ, ಕಸ ಹೊರಗೆ ಸಾಗಿಸುತ್ತದೆ, ಅವುಗಳ ಮೈಯನ್ನು ಸವರಿ ಎಬ್ಬಿಸುತ್ತದೆ. ಮೂಳೆಯ ಬಾಗು ಜೀವಕೋಶಕ್ಕೆ ತಾನಾಗಿ ಗೊತ್ತಾಗದಷ್ಟು ಚಿಕ್ಕದು. ಅದಕ್ಕೆ ಸುದ್ದಿ ಮುಟ್ಟಿಸುವುದು ಈ ನೀರು. 1994ರಲ್ಲಿ ವೈನ್‌ಬಾಮ್, ಕವಿನ್ ಮತ್ತು ಜೆಂಗ್ ಲೆಕ್ಕ ಹಾಕಿ ಮುಂದಿಟ್ಟ ಈ ವಿವರಣೆಯೇ ಇಂದು ಹೆಚ್ಚು ಮನ್ನಣೆ ಪಡೆದಿರುವುದು.

ಲೆಕ್ಕದ ಮೂಲ ಕೇಳಿದರೆ ತಮಗೆ ಅವಮಾನವಾಗಬಹುದು. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕೆಸರಿನಲ್ಲಿ. ಜೇಡಿಮಣ್ಣಿನ ಮೇಲೆ ಕಟ್ಟಿದ ಕಟ್ಟಡ ವರ್ಷಗಟ್ಟಲೆ ನಿಧಾನವಾಗಿ ಏಕೆ ಕುಸಿಯುತ್ತದೆಂದು 1920ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿದ್ದ ಕಾರ್ಲ್ ತೆರ್ಜಾಘಿ ತಲೆ ಕೆಡಿಸಿಕೊಂಡಿದ್ದರು. ಭಾರವನ್ನು ಮೊದಲು ಹೊರುವುದು ಮಣ್ಣಿನ ಸಂದಿಯ ನೀರು. ಅದು ಜಿನುಗಿ ಹೋದಂತೆಲ್ಲ ಭಾರ ಮಣ್ಣಿಗೆ ವರ್ಗವಾಗುತ್ತದೆ ಎಂದು ತೋರಿಸಿಕೊಟ್ಟರು. 1941ರಲ್ಲಿ ಮಾರಿಸ್ ಬಯೋ ಅದನ್ನು ಮೂರು ಆಯಾಮಗಳಿಗೆ ಬೆಳೆಸಿದರು. ಅವೇ ಸಮೀಕರಣಗಳು ಮುಂದೆ ತಮ್ಮ ತೊಡೆಮೂಳೆಗೂ ಬಂದವು.

ಮಕ್ಕಳನ್ನು ಬಿಡಿ, ತಮ್ಮ ಒಣತನ ದೊಡ್ಡವರನ್ನೂ ದಾರಿ ತಪ್ಪಿಸಿದೆ. 1957ರಲ್ಲಿ ಜಪಾನಿನ ಫುಕಾದಾ ಮತ್ತು ಯಸುದಾ ಒಣಗಿಸಿದ ಮೂಳೆಯನ್ನು ಒತ್ತಿ ಅದರಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ಪ್ರಯೋಗ ಅಪ್ಪಟ ನಿಜ. ಮೂಳೆಗೆ ಭಾರದ ಅರಿವಾಗುವುದು ಹೀಗೇ ಇರಬೇಕೆಂದು ಬಹಳ ಜನ ಬಹಳ ಕಾಲ ಅಂದುಕೊಂಡರು. ಒದ್ದೆ ಮೂಳೆಯನ್ನು ಪರೀಕ್ಷಿಸಿದಾಗ ಗೊತ್ತಾದದ್ದು ಬೇರೆ: ಅಲ್ಲಿ ಕಾಣುವ ವಿದ್ಯುತ್ತು ಬಹುಪಾಲು ಸಂದಿಗಳಲ್ಲಿ ಹರಿಯುವ ಉಪ್ಪುನೀರಿನದು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಎಲುಬಿಗೆ ನಾಲಿಗೆ ಇಲ್ಲದಿದ್ದರೂ ಇಷ್ಟು ತಪ್ಪು ಹೇಳಿಕೆ ಕೊಡಬಹುದೆಂದು ತಾವು ಸಾಧಿಸಿಬಿಟ್ಟಿರಿ.

ತಮ್ಮ ಶಿಷ್ಯರು ಈಗ ಏನು ಮಾಡುತ್ತಿದ್ದಾರೆ ಗೊತ್ತೇ? ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಕ್ಯಾಲ್ಸಿಯಂ ಮಾತ್ರೆ, ನಡುವೆ ಹತ್ತು ಗಂಟೆ ಕುರ್ಚಿ. ರಾಗಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದು ಮಾಲು ತಂದು ಅಂಗಳಕ್ಕೆ ಹಾಕೀತು, ಗೋಡೆ ಎಲ್ಲಿ ಏಳಬೇಕೆಂದು ಹೇಳದು. ನಿಂತುಕೊಂಡೇ ಕೆಲಸ ಮಾಡಿದರಾಯಿತಲ್ಲ ಎನ್ನುವ ಜಾಣರೂ ಇದ್ದಾರೆ. 1984ರಲ್ಲಿ ಲ್ಯಾನ್ಯನ್ ಮತ್ತು ರೂಬಿನ್ ಹಕ್ಕಿಯ ರೆಕ್ಕೆಯ ಮೂಳೆಯ ಮೇಲೆ ಇದನ್ನೂ ನೋಡಿದ್ದಾರೆ. ಬದಲಾಗದ ಭಾರವನ್ನು ಸದಾ ಹೇರಿದರೆ ಮೂಳೆ ಕೆಲಸವೇ ಇಲ್ಲದಂತೆ ಸವೆಯಿತು. ದಿನಕ್ಕೆ ಕೆಲವೇ ನಿಮಿಷ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಬೆಳೆಯಿತು. ಒತ್ತಿದ ಕೈ ತೆಗೆಯದಿದ್ದರೆ ನೀರಾದರೂ ಹೇಗೆ ವಾಪಸು ಬರಬೇಕು? ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ. 1ಕ್ಕೂ ಮೇಲೆ ಇಳಿದದ್ದು ದಾಖಲಾಗಿದೆ. ನಮ್ಮವರು ರಾಕೆಟ್ಟಿನ ಖರ್ಚಿಲ್ಲದೆ, ಸೋಫಾದಲ್ಲೇ ಆ ಹಾದಿ ಹಿಡಿದಿದ್ದಾರೆ.

ಹಾಗಾಗಿ ತಮ್ಮಲ್ಲಿ ಒಂದು ಅರಿಕೆ. ರಾಜೀನಾಮೆ ಕೊಡಿ ಎನ್ನುವುದಿಲ್ಲ. ತಮ್ಮ ಜಾಗಕ್ಕೆ ಬೇರೆ ಅಭ್ಯರ್ಥಿ ಸಿಗುವುದು ಕಷ್ಟ. ತಮ್ಮ ಪಕ್ಕೆಲುಬಿಗೆ ಒಂದು ರಟ್ಟಿನ ಫಲಕ ಕಟ್ಟಲು ಲ್ಯಾಬ್ ಅಟೆಂಡರ್‌ಗೆ ಅಪ್ಪಣೆ ಕೊಡಿ. ಅದರ ಮೇಲೆ ದಪ್ಪಕ್ಷರದಲ್ಲಿ ಇಷ್ಟು ಬರೆಸಿದರೆ ಸಾಕು: “ಇದು ನೀರಿಳಿದ ಮಾದರಿ. ಅಸಲಿ ಮೂಳೆ ನೋಡುವವರ ಚರ್ಮದೊಳಗಿದೆ. ದಯವಿಟ್ಟು ಎದ್ದು ನಡೆಸಿಕೊಂಡು ಹೋಗಿ.”

ಇಂತಿ,
ತಮ್ಮ ಹಳೆಯ ವಿದ್ಯಾರ್ಥಿ