ಬಾಯಿ ತೆರೆದದ್ದೆಲ್ಲ ಹಸಿವಲ್ಲ

ನಮ್ಮ ಕಡೆ ಮೀನು ಬರುವುದು ಎರಡು ದಾರಿಯಲ್ಲಿ. ಒಂದು, ತುಂಗಭದ್ರೆಯಿಂದ ಸಂತೆಗೆ. ಇನ್ನೊಂದು, ಮಕ್ಕಳ ಹಟಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡುತ್ತ ಮನೆಗೆ. ಕೊಟ್ಟೂರಿನ ನಮ್ಮ ಪಕ್ಕದ ಮನೆ ಅಕ್ಕನವರದು ಎರಡನೆಯ ದಾರಿ. ಒಲೆಯ ಮೇಲೆ ಎಂದೂ ಮೀನು ಬೇಯದ ಆ ಮನೆಯಲ್ಲಿ ಈಗ ಎರಡು ಗೋಲ್ಡ್‌ಫಿಷ್ ಇವೆ. ಒಣಸೀಗಡಿ ವಾಸನೆಯ ಮೀನಿನ ಕಾಳಿನ ಡಬ್ಬಿ ವಿಭೂತಿಗಟ್ಟಿಯ ನೆರೆಯಲ್ಲೇ ಕೂತಿದೆ!

ಕಾಂಪೌಂಡಿಗೆ ಮೊಣಕೈ ಊರಿ ಅಕ್ಕ ಕೇಳಿದರು: "ನಾ ಹತ್ರ ಹೋದ್ರ ಸಾಕು, ಬಾಯಿ ತಕ್ಕೊಂಡು ಬರ್ತಾವ ನೋಡ್ರಿ. ಅವಕ್ಕೂ ಪ್ರೀತಿ-ಗೀತಿ ಇರ್ತೈತೇನು?"

"ಪ್ರೀತಿನೋ, ಡಬ್ಬಿ ನೆನಪೋ! ನೆನಪಂತೂ ಐತಿ" ಅಂದೆ. ಗೋಲ್ಡ್‌ಫಿಷ್ ನೆನಪು ಮೂರೇ ಸೆಕೆಂಡು ಅನ್ನುವುದು ಬರೀ ಗಾಳಿಮಾತು. ಬಾಯಿಂದ ನೀರು ಚಿಮ್ಮಿ ಹುಳ ಬೀಳಿಸುವ ಆರ್ಚರ್ ಮೀನು ಮನುಷ್ಯರ ಮುಖವನ್ನೇ ಗುರುತಿಸುತ್ತದೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು.

ನೋವಿನ ಮಾತೂ ಬಂತು. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಜೇನ್ನೊಣದ ವಿಷ ಚುಚ್ಚಿ ನೋಡಿದರು. ಅದು ಕೂಳು ಬಿಟ್ಟು ಕೂತಿತು. ಹುಳಿ ಆಮ್ಲ ಚುಚ್ಚಿಸಿಕೊಂಡದ್ದು ತುಟಿಯನ್ನು ಗರಸಿಗೆ ಉಜ್ಜಿತು. ಮಿದುಳಿನಲ್ಲಿ ನಮ್ಮಂಥ ಹೊರಪದರ ಇಲ್ಲವಾದ್ದರಿಂದ ಅದು ನೋವೇ ಅಲ್ಲ ಎಂದು ವಾದಿಸುವವರು ಇನ್ನೂ ಇದ್ದಾರೆ. ಇನ್ನು 2019ರಲ್ಲಿ ಫ್ರಾನ್ಸಿನವರು ಸಿಕ್ಲಿಡ್ ಜಾತಿಯ ಹೆಣ್ಣು ಮೀನನ್ನು ಅದು ಮೆಚ್ಚಿದ ಜೋಡಿಯಿಂದ ಅಗಲಿಸಿದರು. ಆಮೇಲೆ ಅದು, ತಿನಿಸು ಇದೆಯೋ ಇಲ್ಲವೋ ತಿಳಿಯದ ಡಬ್ಬಿಯ ಮುಂದೆ 'ಏನಿರ್ತೈತಿ ಬಿಡು' ಅನ್ನುವಂತೆ ತಡವರಿಸಿತಂತೆ.

"ಹಂಗಾದ್ರ ಮೀನಿಗೂ ವಿರಹ ಐತಿ ಅನ್ರಿ!" ಅಕ್ಕನಿಗೆ ಖುಷಿಯಾಯಿತು.

ಹರಪನಹಳ್ಳಿಯ ಅವರ ತಂಗಿ ಮನೆಯ ಫೈಟರ್ ಮೀನಿಗೆ ಮಾತ್ರ ಆ ಬಾಧೆ ಇಲ್ಲ. ಇನ್ನೊಂದು ಗಂಡನ್ನು ಬಿಟ್ಟರೆ ಕಾದಾಟವೇ. ಅದಕ್ಕೆ ಸೊಳ್ಳೆಮರಿ, ಹುಳ ಬೇಕು. ಗೋಲ್ಡ್‌ಫಿಷ್‌ಗಾದರೆ ಕಾಳಿನ ಜೊತೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯೂ ಆದೀತು.

"ಶೃಂಗೇರ್‍ಯಾಗ ಮಂಡಕ್ಕಿ ಹಾಕ್ತಾರಲ್ರಿ? ನಮ್ಮಲ್ಲಿ ಮಂಡಕ್ಕಿಗೇನು ಬರ."

ಅಲ್ಲಿ ತುಂಗೆ ಹರಿಯುತ್ತಾಳೆ, ಮೀನೂ ಗಜಗಾತ್ರದವು. ಉಳಿದದ್ದನ್ನು ಹೊಳೆ ಒಯ್ಯುತ್ತದೆ. ಆ ತುಂಗೆಯೇ ಭದ್ರೆಯನ್ನು ಕೂಡಿ ನಮ್ಮ ಹಡಗಲಿ ಕಡೆ ಬರುತ್ತಾಳೆ. ಗಾಜಿನ ತೊಟ್ಟಿಯ ನೀರು ಎಲ್ಲಿಗೆ ಹೋದೀತು? ಉಳಿದ ಕಾಳು ಅಲ್ಲೇ ಕೊಳೆತು ಅಮೋನಿಯಾ ಆಗಿ ಕಿವಿರು ಸುಡುತ್ತದೆ. ಸಾಲದ್ದಕ್ಕೆ ಗೋಲ್ಡ್‌ಫಿಷ್‌ಗೆ ಜಠರವೇ ಇಲ್ಲ. ತಿಂದದ್ದು ನೆಟ್ಟಗೆ ಕರುಳಿಗೆ. ನಮ್ಮ ಕಡೆ ಬೀಗರ ತಾಟಿಗೆ 'ಇನ್ನೊಂದ್ ರೊಟ್ಟಿ' ಅಂತ ಎಸೆಯುವ ಪ್ರೀತಿ ಮೀನಿಗೆ ಆಗಿಬರದು. ಎರಡು ನಿಮಿಷದಲ್ಲಿ ಮುಗಿಯುವಷ್ಟು, ಬೆಳಿಗ್ಗೆ-ಸಂಜೆ ಸಾಕು. ವಾರಕ್ಕೊಂದು ಉಪವಾಸ ಮಾಡಿಸಿದರೂ ಪಾಪ ತಟ್ಟದು.

ಪ್ರೀತಿ ತೋರಿಸಲೇಬೇಕೆಂದರೆ ನೀರಿನಲ್ಲಿ ತೋರಿಸಬೇಕು. ಕೂಡ್ಲಿಗಿ ಸೀಮೆಯ ಗುಡೇಕೋಟೆಯಲ್ಲಿ ಕರಡಿಗೆ ಧಾಮವಿದೆ, ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರದಲ್ಲಿ ಹಕ್ಕಿಗೆ ಕೆರೆಯಿದೆ. ಆ ಹಕ್ಕಿಗಳಿಗೆ ಮೀನೇ ಊಟ, ನಿಜ. ಆದರೂ ಕೆರೆಯ ಮೀನಿಗೆ ಓಡಲು ಜಾಗವುಂಟು. ಗುಂಡು ಬಟ್ಟಲಿನ ಮೀನಿಗೆ ಅದೂ ಇಲ್ಲ. ದೊಡ್ಡ ತೊಟ್ಟಿ, ಮರೆಗೊಂದು ಗಿಡ, ವಾರಕ್ಕೊಮ್ಮೆ ಕಾಲುಭಾಗ ಹೊಸ ನೀರು: ಮೀನಿನ ಸುಖದುಃಖ ಇರುವುದು ಇದರಲ್ಲಿ.

"ಮಧ್ಯಾಹ್ನ ಕರೆಂಟ್ ಹೋದಾಗಂತೂ ಮ್ಯಾಲ ಬಂದು ಬಾಯಿ ಬಿಡೋದೇ ಬಿಡೋದು. ಪಾಪ, ಒಂದ್ ಹಿಡಿ ಹಾಕ್ತೀನಿ."

ಅಲ್ಲೇ ಇರುವುದು ಎಡವಟ್ಟು. ನಮ್ಮ ಬಿಸಿಲಿಗೆ ಕಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಗಾಳಿಯ ಪಂಪೂ ನಿಂತಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು ಉಸಿರಿಗೆ. ಆಗ ಕಾಳು ಸುರಿದರೆ ಇದ್ದ ಉಸಿರೂ ಹೋಯಿತು. ಚೊಂಬಿನಿಂದ ತೊಟ್ಟಿಯ ನೀರನ್ನೇ ಮೇಲಿಂದ ಹೊಯ್ಯುತ್ತಿರಬೇಕು, ಗಾಳಿ ಬೆರೆಯಲಿ.

ಅಕ್ಕ ಸೆರಗು ಸಿಕ್ಕಿಸಿ ಹೊರಟರು. "ಮೊದ್ಲು ಆ ಡಬ್ಬಿ ಅಟ್ಟದ ಮ್ಯಾಲೆ ಇಡ್ತೀನ್ರಿ. ನನಗೇನೋ ತಿಳೀತು, ನಮ್ಮತ್ತಿಗೆ ಯಾರು ಹೇಳ್ಬೇಕು? ಆಕಿ ಬಾಯಿ ತೆರೆದೋರ್‍ನ ಉಣಸದ ಬಿಟ್ಟಾಕಿ ಅಲ್ಲ!"